ಪಾಪ, ಅವನಿಗೂ ಕಾರಣವಿತ್ತು!

*ಇಂದಿನ ಧಮ್ಮ ಚಿಂತನೆ*

ನಮ್ಮ ಮಕ್ಕಳು ಆಡುವ ವಿಡಿಯೋ ಗೇಮ್‌ಗಳ ಖಳನಾಯಕರಿಗೂ ಈಗ ಒಂದು ನೋವಿನ ಕಥೆ ಇರುತ್ತದೆ. ಆಟ ಮುಗಿಯುವ ಹೊತ್ತಿಗೆ 'ಪಾಪ, ಅವನು ತಾನೇ ಏನು ಮಾಡಿಯಾನು' ಅನ್ನಿಸುತ್ತದೆ. ನಮ್ಮ ಭಾಷೆಯಲ್ಲಿ ಮಾಡಿದ ಕೇಡಿಗೂ 'ಪಾಪ', ಮರುಕಕ್ಕೂ 'ಪಾಪ'. ಎರಡನೆಯದು ಮೊದಲನೆಯದನ್ನು ಮುಚ್ಚಿಬಿಡಬಾರದು.

2002ರಲ್ಲಿ ಬಂದ 'ವಾರ್‌ಕ್ರಾಫ್ಟ್ 3' ಆಟದಲ್ಲಿ ಆರ್ಥಸ್ ಎಂಬ ರಾಜಕುಮಾರನಿದ್ದಾನೆ. ಪ್ರಜೆಗಳನ್ನು ಪ್ರೀತಿಸುವವನು. ಸ್ಟ್ರಾಥೋಲ್ಮ್ ಎಂಬ ಊರಿನ ಜನ ಸೋಂಕಿನ ಧಾನ್ಯ ತಿಂದಿದ್ದಾರೆ. ಇನ್ನೇನು ನಡೆದಾಡುವ ಹೆಣಗಳಾಗುತ್ತಾರೆ. ಅದಕ್ಕೂ ಮೊದಲೇ ಎಲ್ಲರನ್ನೂ ಕೊಂದುಬಿಡಿ ಎಂದು ಅವನ ಆಜ್ಞೆ. ಗುರು ಉಥರ್ ಒಪ್ಪುವುದಿಲ್ಲ, ಗೆಳತಿ ಜೇನಾ ತಿರುಗಿ ನಡೆಯುತ್ತಾಳೆ. ಅವನು ಕೇಳುವುದಿಲ್ಲ.

ಬೇರೆ ದಾರಿ ಏನಿತ್ತು ಎಂದು ಆಟಗಾರರು ಇಂದಿಗೂ ವಾದಿಸುತ್ತಾರೆ. ಪ್ರಶ್ನೆ ಸುಲಭದ್ದಲ್ಲ, ನಿಜ. ಆದರೆ ಮುಂದೆ ನೋಡಿ. ಶತ್ರುವಿನ ಬೆನ್ನು ಹತ್ತಿ ಹಿಮದ ನಾಡಿಗೆ ಹೋದ. ಸೈನಿಕರು ಮನೆಗೆ ಮರಳಬಾರದೆಂದು ತನ್ನ ಹಡಗುಗಳನ್ನೇ ಸುಡಿಸಿದ. ಆ ತಪ್ಪನ್ನು ಸುಡಲು ನೆರವಾದ ಕೂಲಿ ಸೈನಿಕರ ತಲೆಗೆ ಕಟ್ಟಿ, ಅವರನ್ನೂ ಕೊಲ್ಲಿಸಿದ. ಕೊನೆಗೆ ಶಾಪದ ಕತ್ತಿಯ ವಶನಾಗಿ ಹೆತ್ತ ತಂದೆಯನ್ನೇ ಇರಿದ. ಒಂದು ಶೀಲ ಮುರಿದ ಮೇಲೆ ಅದನ್ನು ಮುಚ್ಚಲು ಇನ್ನೊಂದನ್ನು ಮುರಿಯಬೇಕಾಯಿತು.

ಆರ್ಥಸ್‌ನ ನೋವು ಎಲ್ಲರಿಗೂ ನೆನಪಿದೆ. ಸತ್ತ ಊರಿನವರಲ್ಲಿ ಬಹುತೇಕರಿಗೆ ಕಥೆಯಲ್ಲಿ ಹೆಸರೇ ಇಲ್ಲ. ನಮಗಿದು ಹೊಸದೇ? ಕೇರಿಯ ಮೇಲೆ ಕೈ ಮಾಡಿದವನ 'ಸಿಟ್ಟಿಗೆ ಕಾರಣ' ಹುಡುಕಲು ಊರೇ ಕೂಡುತ್ತದೆ; ಏಟು ತಿಂದವನ ಹೆಸರು ಕೇಳುವವರಿರುವುದಿಲ್ಲ.

ಅದೇ ಆಟದಲ್ಲಿ ಥ್ರಾಲ್ ಎಂಬುವನೂ ಇದ್ದಾನೆ. ಹುಟ್ಟಾ ಕ್ರೂರಿಗಳೆಂದು ಹಳಿಸಿಕೊಂಡ ಓರ್ಕ್ ಕುಲದವನು, ಮನುಷ್ಯರ ಗುಲಾಮನಾಗಿ ಬೆಳೆದವನು. ಅವನ ಹೆಸರಿನ ಅರ್ಥವೇ ಗುಲಾಮ. ಅವನಿಗೇನು ನೋವು ಕಡಿಮೆಯಿತ್ತೇ? ಆದರೂ ತನ್ನ ಜನರನ್ನು ಸೆರೆ ಶಿಬಿರಗಳಿಂದ ಬಿಡಿಸಿ ಹೊಸ ನೆಲಕ್ಕೆ ಕರೆದೊಯ್ದ. ಅರಮನೆಯವನು ಕೊಲೆಗಾರನಾದ, ಗುಲಾಮ ವಿಮೋಚಕನಾದ. ವಸಲ ಸುತ್ತದಲ್ಲಿ ಭಗವಾನ್ ಬುದ್ಧರು ತಿಳಿಸಿದ್ದೂ ಇದನ್ನೇ: ಮನುಷ್ಯನನ್ನು ಅಳೆಯಬೇಕಾದದ್ದು ಅವನ ಕೆಲಸದಿಂದ, ಹುಟ್ಟಿನಿಂದಲ್ಲ.

ಹಾಗಾದರೆ ಕೇಡು ಮಾಡಿದವನಿಗೆ ಕರುಣೆ ಬೇಡವೇ? ಬೇಕು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಂಗುಲಿಮಾಲನ ಪರಿವರ್ತನೆಗೂ ಜಾಗ ಕೊಟ್ಟಿದ್ದಾರೆ. ಬುದ್ಧರು ತಾವಾಗಿಯೇ ಅವನಿದ್ದಲ್ಲಿಗೆ ನಡೆದುಹೋದರು. ಆದರೆ ಮೊದಲು ಹೇಳಿದ್ದು 'ನಿಲ್ಲು' ಎಂದು. ಅವನು ಆಯುಧ ಎಸೆದ, ಭಿಕ್ಷುವಾದ. ಆಮೇಲೂ ಭಿಕ್ಷೆಗೆ ಹೋದಾಗ ಕಲ್ಲೇಟು ತಿಂದು, ರಕ್ತ ಸುರಿಸುತ್ತ ಬಂದನೆಂದು ಸುತ್ತ ಹೇಳುತ್ತದೆ. ಮಾಡಿದ್ದರ ಫಲ, ಸಹಿಸಿಕೋ ಎಂದರು ಬುದ್ಧರು. ಕೈಬಿಡಲಿಲ್ಲ, ಮುಚ್ಚಿಹಾಕಲೂ ಇಲ್ಲ.

ಕಾರಣ ತಿಳಿಯುವುದು *ಪ್ರಜ್ಞೆ*. ಕೈ ತಡೆಯುವುದು *ಶೀಲ*. ನೊಂದವರನ್ನೂ ನೋಯಿಸಿದವನನ್ನೂ ಕಾಣುವುದು *ಕರುಣೆ*. ಒಂದನ್ನು ಬಿಟ್ಟರೆ ಉಳಿದೆರಡು ಕುಂಟುತ್ತವೆ.

*ಇಂದಿನ ಅಭ್ಯಾಸ:* 'ಪಾಪ, ಅವನಿಗೂ ಕಾರಣವಿತ್ತು' ಎನ್ನುವ ಮೊದಲು, ಅವನಿಂದ ನೊಂದವರ ಹೆಸರು ನಮಗೆ ಗೊತ್ತೇ ಎಂದು ಕೇಳಿಕೊಳ್ಳೋಣ. ಗೇಮ್ ಆಡುವ ಮಕ್ಕಳನ್ನೂ ಬೈಯದೆ, ಪಕ್ಕದಲ್ಲಿ ಕೂತು ಇದನ್ನೇ ಕೇಳಿ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್