ಅರ್ಧವೂ ಬೇಗವೂ

ನಾವು ದಿನವೂ ಆಡುವ ಮಾತುಗಳಲ್ಲಿ ಅಳತೆಯ ವೇಷವನ್ನು ತೊಟ್ಟು ಅಳತೆಗೆ ಸಿಕ್ಕದೆ ನುಣುಚಿಕೊಳ್ಳುವ ಮಾತುಗಳೆರಡುಂಟು: ಒಂದು ‘ಅರ್ಧ’, ಇನ್ನೊಂದು ‘ಬೇಗ’.

ಲೆಕ್ಕದಲ್ಲಿ ನಮ್ಮ ‘ಅರೆ’ ಪ್ರಾಮಾಣಿಕವಾದ ಮಾತೇ. ಒಂದೂವರೆ ಗಜ ಬಟ್ಟೆಯೆಂದರೆ ಅಂಗಡಿಯವನೂ ಗಿರಾಕಿಯೂ ಜಗಳವಾಡಬೇಕಾದುದಿಲ್ಲ. ಆದರೆ ಅದೇ ಅರೆ ಅನ್ನದ ಮುಂದೆಯೋ ಮನಸ್ಸಿನ ಮುಂದೆಯೋ ಬಂದು ನಿಂತಿತೆಂದರೆ ಲೆಕ್ಕವನ್ನು ಬಿಟ್ಟುಬಿಡುತ್ತದೆ. ಅರೆಬೆಂದ ಅನ್ನದಲ್ಲಿ ಬೆಂದ ಅಗುಳೆಷ್ಟೆಂದು ಯಾರೂ ಎಣಿಸರು. ಅರೆಮನಸ್ಸಿನಿಂದ ಒಪ್ಪಿದವನ ಉಳಿದರ್ಧ ಎಲ್ಲಿ ಹೋಯಿತೆಂದು ಕೇಳರು. ಬಡವನ ಅರೆಹೊಟ್ಟೆಯಂತೂ ಅರ್ಧಕ್ಕಿಂತ ಬಹಳ ಕೆಳಗೆಯೇ ಇರುತ್ತದೆ. (ಚಟ್ನಿಯನ್ನು ಅರೆಯುವ ಅರೆಯೂ ಬಂಡೆಯೆಂಬ ಅರ್ಥದ ಅರೆಯೂ ಬೇರೆಯೇ ಮಾತುಗಳು, ಎರಡನೆಯದಕ್ಕೆ ಹಳಗನ್ನಡದಲ್ಲಿ ಶಕಟರೇಫವಿದ್ದಿತು. ಅವುಗಳನ್ನು ಇಲ್ಲಿಗೆ ಎಳೆಯುವುದು ಬೇಡ.)

ಸಂಸ್ಕೃತದವರು ಈ ತೊಡಕನ್ನು ಹಿಂದೆಯೇ ಕಂಡಿದ್ದರು. ನಪುಂಸಕಲಿಂಗದ ಅರ್ಧವೆಂದರೆ ಸರಿಸಮವಾದ ಪಾಲು. ಪುಲ್ಲಿಂಗದಲ್ಲಿ ಬಂದರೆ ಬರಿಯ ತುಂಡು, ದೊಡ್ಡದೋ ಚಿಕ್ಕದೋ ಆಗಬಹುದು. ಪಾಣಿನಿಯು ಮೊದಲನೆಯದರ ಸಮಾಸಕ್ಕೆಂದೇ ಒಂದು ಸೂತ್ರವನ್ನಿಟ್ಟಿದ್ದಾನೆ. ಅಮರಕೋಶವೂ ಈ ಭೇದವನ್ನು ಹೇಳುತ್ತದೆ. ಕನ್ನಡಕ್ಕೆ ಬರುವಾಗ ಶಬ್ದವು ಬಂದಿತು, ಭೇದವು ಬರಲಿಲ್ಲ. ಹೆಂಡತಿಯನ್ನು ಅರ್ಧಾಂಗಿಯೆಂದು ಕರೆಯುವ ಮಹನೀಯರು ಇವೆರಡರಲ್ಲಿ ಯಾವ ಅರ್ಧವನ್ನು ನೆನೆಯುತ್ತಾರೋ ತಿಳಿಯದು. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಅರ್ಧನಾರೀಶ್ವರನನ್ನು ಕಡೆದ ಶಿಲ್ಪಿಗೆ ಮಾತ್ರ ಸಂದೇಹವಿರಲಿಲ್ಲ; ಗೆರೆಯನ್ನು ನೆತ್ತಿಯಿಂದ ಪಾದದವರೆಗೆ ನಟ್ಟನಡುವೆಯೇ ಎಳೆದನು.

ಇನ್ನು ‘ಬೇಗ’. ಇದು ‘ವೇಗ’ದ ತದ್ಭವ. ಬೇಗ ನಡೆ ಎಂದರೆ ಕಾಲನ್ನು ಚುರುಕಾಗಿ ಹಾಕು ಎಂದರ್ಥ. ಬೇಗ ಏಳು ಎಂದರೆ ಹೊತ್ತಿಗೆ ಮುಂಚೆ ಏಳು, ಆಕಳಿಸುತ್ತ ಮೈಮುರಿಯುತ್ತ ಎದ್ದರೂ ಬಾಧಕವಿಲ್ಲ. ‘ಬೇಗ ಕೊಡುತ್ತೇನೆ’ ಎಂಬಲ್ಲಿ ಚುರುಕೂ ಇಲ್ಲ, ಹೊತ್ತೂ ಇಲ್ಲ. ಗಳಿಗೆಯೆಂದರೆ ಇಪ್ಪತ್ತನಾಲ್ಕು ನಿಮಿಷ. ಆದುದರಿಂದ ಅರೆಗಳಿಗೆಯೆಂದರೆ 12 ನಿಮಿಷವಷ್ಟೆ. ಅರೆಗಳಿಗೆ ಕೂತಿರಿ ಎಂದು ಹೇಳಿ ಒಳಗೆ ಹೋದವರು ಆ 12 ನಿಮಿಷದಲ್ಲಿ ಹೊರಗೆ ಬಂದುದನ್ನು ನಾನು ಕಾಣೆ. ಕೂಗಿದಾಗ ಎದ್ದೇಳದೆಯೇ ‘ಬಂದೆ’ ಎಂದು ಭೂತಕಾಲದಲ್ಲಿ ಉತ್ತರ ಕೊಡುವ ಜನ ನಾವು.

ಇದು ಸುಳ್ಳೆ? ಅಲ್ಲವೆಂದೇ ನಾನು ಬಹುಕಾಲ ನಂಬಿದ್ದೆನು. ಮಾತಿಗೆ ನಿಜವಾಗಿಯೂ ನಾಲ್ಕು ಅರ್ಥಗಳಿರುವಾಗ ಒಂದನ್ನು ಹಿಡಿದವನು ಸುಳ್ಳುಗಾರನು ಹೇಗಾದಾನು?

ಹೋದ ಮಳೆಗಾಲಕ್ಕೆ ಮುಂಚೆ ನಮ್ಮ ಹಿತ್ತಲಗೋಡೆಯನ್ನು ಕಟ್ಟಿಸಿದೆನು. ಕೆಲಸ ಮುಗಿದ ದಿನ ಗಾರೆಯವನ ಕೈಗೆ ಹಣವನ್ನಿಟ್ಟು, ‘ಅರ್ಧ ಕೊಟ್ಟಿದ್ದೇನಪ್ಪ, ಉಳಿದುದನ್ನು ಬೇಗ ಕೊಡುತ್ತೇನೆ’ ಎಂದೆನು. ಮೂರನೆಯ ದಿನ ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತಿದ್ದನು. ನನಗೆ ಸಿಟ್ಟು ಬಂದಿತು. ನನ್ನ ‘ಬೇಗ’ವು ತಿಂಗಳ ಕೊನೆಯದಾಗಿತ್ತು. ‘ಅಕ್ಕಿ ತರಬೇಕು ಸ್ವಾಮಿ, ಬೇಗ ಎಂದಿದ್ದಿರಲ್ಲ’ ಎಂದನು. ಒಳಗೆ ಹೋಗಿ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ನಾನು ಕೊಟ್ಟ ಅರ್ಧವೂ ಅರ್ಧವಾಗಿರಲಿಲ್ಲ. ಮೂರರಲ್ಲೊಂದು ಪಾಲಿಗೆ ಸ್ವಲ್ಪ ಹೆಚ್ಚು, ಅಷ್ಟೆ. ನಾಲ್ಕು ಅರ್ಥಗಳಲ್ಲಿ ಯಾವುದಾದರೂ ಸರಿಯೆಂಬ ಸ್ವಾತಂತ್ರ್ಯ ಕೊಡುವವನಾದ ನನಗಿದ್ದಿತು. ಹಸಿದು ಕಾಯುವವನಿಗೆ ಇದ್ದುದು ಒಂದೇ ಅರ್ಥ. ನಾನು ಆರಿಸಿದ ಅರ್ಥಗಳೆರಡೂ ನನ್ನ ಚೀಲಕ್ಕೆ ಅನುಕೂಲವಾದುವೇ ಆಗಿದ್ದುವೆಂಬುದು ಆಗ ಹೊಳೆಯಿತು.

ಹಣವನ್ನು ಅಂದೇ ತೀರಿಸಿದೆನು. ಮೊನ್ನೆ ಬಚ್ಚಲ ಕೆಲಸಕ್ಕೆ ಅವನನ್ನೇ ಕರೆದೆನು. ವಿನಯದಿಂದಲೇ ಬಂದನು, ಕರಣೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು, ‘ಯಾವ ತಾರೀಖು ಸ್ವಾಮಿ?’ ಎಂದು ಕೇಳಿದನು.