ಸಂಗೀತ ವಿದ್ಯೆಗೆ ಅಧಿಕಾರಿ ಯಾರು

ವಿಶ್ವವಿದ್ಯಾಲಯದಲ್ಲಿ ಸಂಗೀತವನ್ನು ಅಭ್ಯಸಿಸಬಯಸುವವರಿಗೆ ವಿಧಿಸುವ ಷರತ್ತುಗಳು ಮೇಲುನೋಟಕ್ಕೆ ಬರಿಯ ಆಡಳಿತದ ವಿಷಯವಾಗಿ ಕಾಣುತ್ತವೆ. ಪದವಿ ತರಗತಿಗೆ ಸಾಮಾನ್ಯವಾಗಿ ಪಿಯುಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಸ್ನಾತಕೋತ್ತರ ತರಗತಿಗೆ ಸಂಗೀತದಲ್ಲಿ ಪದವಿಯೋ, ಬೇರೆ ಪದವಿಯ ಜೊತೆಗೆ ಸಂಗೀತ ಪರೀಕ್ಷೆಯ ಪ್ರಮಾಣಪತ್ರವೋ ಇರಬೇಕು, ಇದರ ಮೇಲೆ ಕೆಲವು ನಿಮಿಷಗಳ ಪ್ರಾಯೋಗಿಕ ಪ್ರವೇಶ ಪರೀಕ್ಷೆಯೂ ನಡೆಯುತ್ತದೆ. ಆದರೆ ಒಂದು ವಿದ್ಯೆಯ ಬಾಗಿಲಲ್ಲಿ ಯಾರು ಒಳಗೆ ಬರಬಹುದೆಂದು ನಿರ್ಧರಿಸಿದೊಡನೆ ಆ ವಿದ್ಯೆ ಎಂಥದು, ಅದು ಮನುಷ್ಯನಲ್ಲಿ ಎಲ್ಲಿ ನೆಲೆಗೊಳ್ಳುತ್ತದೆ, ಕಲಿಯುವುದಕ್ಕೆ ಮೊದಲೇ ಕಲಿಯುವವರಲ್ಲಿ ಏನಿರಬೇಕು ಎಂಬ ಪ್ರಶ್ನೆಗಳಿಗೂ ಉತ್ತರ ಕೊಟ್ಟಂತಾಗುತ್ತದೆ. ಭಾರತೀಯ ದರ್ಶನಗಳು ಈ ಪ್ರಶ್ನೆಯನ್ನು ಅಧಿಕಾರವೆಂಬ ಹೆಸರಿನಲ್ಲಿ ಶತಮಾನಗಳ ಕಾಲ ಚರ್ಚಿಸಿವೆ. ಇಲ್ಲಿ ಅಧಿಕಾರವೆಂದರೆ ಆಳುವ ಶಕ್ತಿಯಲ್ಲ, ಒಂದು ಕರ್ಮವನ್ನಾಗಲಿ ವಿದ್ಯೆಯನ್ನಾಗಲಿ ಕೈಗೊಳ್ಳಲು ಇರಬೇಕಾದ ಯೋಗ್ಯತೆ. ಯಾವುದೇ ಶಾಸ್ತ್ರಗ್ರಂಥವು ತನ್ನ ವಿಷಯವನ್ನೂ ಪ್ರಯೋಜನವನ್ನೂ ಹೇಳುವುದರ ಜೊತೆಗೆ ತನ್ನ ಅಧಿಕಾರಿ ಯಾರೆಂದು ಮೊದಲೇ ತಿಳಿಸಬೇಕೆಂಬುದು ಅಲ್ಲಿಯ ಸಂಪ್ರದಾಯ.

ಜೈಮಿನಿಯ ಮೀಮಾಂಸಾಸೂತ್ರದ ಆರನೆಯ ಅಧ್ಯಾಯ ಇಡಿಯಾಗಿ ಈ ಚರ್ಚೆಗೆ ಮೀಸಲಾಗಿದೆ. ಯಜ್ಞ ಮಾಡುವವನಿಗೆ ಅದರ ಫಲದ ಬಯಕೆ ಇರಬೇಕು, ಇದು ಅರ್ಥಿತ್ವ. ಮಾಡುವ ಶಕ್ತಿ ಇರಬೇಕು, ಇದು ಸಾಮರ್ಥ್ಯ. ಮಾಡುವ ಕ್ರಮದ ತಿಳಿವಳಿಕೆ ಇರಬೇಕು, ಇದು ವಿದ್ವತ್ತೆ. ಇವೆಲ್ಲ ಇದ್ದರೂ ಶಾಸ್ತ್ರವು ಅವನನ್ನು ಹೊರಗಿಟ್ಟಿರಬಾರದು ಎಂದು ಮೀಮಾಂಸಕರು ವಿವರಿಸುತ್ತಾರೆ. ಮೊದಲ ಮೂರು ವ್ಯಕ್ತಿಯ ಒಳಗಿನಿಂದ ಹುಟ್ಟುವ ಷರತ್ತುಗಳು, ಕೊನೆಯದು ಹೊರಗಿನಿಂದ ಹೇರಿದ್ದು. ಹೆಂಗಸರಿಗೆ ಅಧಿಕಾರವುಂಟೇ ಎಂಬ ಪ್ರಶ್ನೆಯೆದ್ದಾಗ ಪತಿಯೊಡನೆ ಉಂಟೆಂದು ಜೈಮಿನಿ ಒಪ್ಪುತ್ತಾನೆ. ಶೂದ್ರರ ವಿಷಯದಲ್ಲಿ, ಎಲ್ಲರಿಗೂ ಅಧಿಕಾರವುಂಟೆಂಬ ಬಾದರಿಯ ಮತವನ್ನು ಉಲ್ಲೇಖಿಸಿಯೂ ಅದನ್ನು ತಳ್ಳಿಹಾಕುತ್ತಾನೆ. ಬಯಕೆಯೂ ಶಕ್ತಿಯೂ ಇದ್ದವರನ್ನು ಹುಟ್ಟಿನ ಕಾರಣಕ್ಕೆ ತಡೆಯುವ ವಾದವು ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಅನ್ಯಾಯವೇ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಆದರೆ ಮೊದಲ ಮೂರು ಷರತ್ತುಗಳ ವಿಂಗಡಣೆ ಇಂದಿಗೂ ಬೆಲೆಯುಳ್ಳದ್ದು, ಏಕೆಂದರೆ ಇಂದಿನ ಪ್ರವೇಶ ನಿಯಮಗಳು ವಿದ್ವತ್ತೆಯ ಪುರಾವೆಯನ್ನು ಮೊದಲು ಕೇಳುತ್ತವೆ, ಸಾಮರ್ಥ್ಯವನ್ನು ಸ್ವಲ್ಪಮಟ್ಟಿಗೆ ನೋಡುತ್ತವೆ, ಅರ್ಥಿತ್ವವನ್ನು ಬಹುಮಟ್ಟಿಗೆ ಊಹೆಗೆ ಬಿಡುತ್ತವೆ.

ಸಂಗೀತ, ನೃತ್ಯ, ನಾಟ್ಯಗಳ ವಿಷಯಕ್ಕೆ ಬಂದರೆ ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯವು ಬೇರೊಂದು ದಾರಿ ಹಿಡಿಯುತ್ತದೆ. ವೇದವನ್ನು ಕೇಳುವ ಅಧಿಕಾರ ಎಲ್ಲರಿಗೂ ಇಲ್ಲದಿರುವುದರಿಂದ ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವೊಂದನ್ನು ಸೃಷ್ಟಿಸಬೇಕೆಂದು ದೇವತೆಗಳು ಬ್ರಹ್ಮನಲ್ಲಿ ಬೇಡಿಕೊಳ್ಳುತ್ತಾರೆ, ಬ್ರಹ್ಮನು ಸಾಮವೇದದಿಂದ ಗೀತವನ್ನೂ ಉಳಿದ ವೇದಗಳಿಂದ ಇತರ ಅಂಗಗಳನ್ನೂ ಆಯ್ದು ನಾಟ್ಯವೇದವನ್ನು ರಚಿಸುತ್ತಾನೆ. ಅಂದರೆ ಈ ಕಲೆಯ ಹುಟ್ಟಿನ ಕಥೆಯೇ ಹೊರಗಿಡುವಿಕೆಗೆ ಪರಿಹಾರವಾಗಿ ಬಂದದ್ದು. ಇದಕ್ಕಿಂತಲೂ ಗಮನಾರ್ಹವಾದುದು ಮುಂದಿನ ಮಾತು. ಈ ವಿದ್ಯೆಯನ್ನು ದೇವತೆಗಳಿಗೆ ಕಲಿಸೆಂದು ಬ್ರಹ್ಮನು ಹೇಳಿದಾಗ ಇಂದ್ರನು, ದೇವತೆಗಳು ಇದರ ಗ್ರಹಣ, ಧಾರಣ, ಜ್ಞಾನ, ಪ್ರಯೋಗಗಳಿಗೆ ಅಸಮರ್ಥರೆಂದು ಒಪ್ಪಿಕೊಳ್ಳುತ್ತಾನೆ, ಆಗ ಅದು ಭರತನಿಗೂ ಅವನ ನೂರು ಮಕ್ಕಳಿಗೂ ಸಲ್ಲುತ್ತದೆ. ಸ್ವರ್ಗದಲ್ಲಿ ಹುಟ್ಟಿದ್ದೂ ಇಲ್ಲಿ ಯೋಗ್ಯತೆಯಾಗಲಿಲ್ಲ. ಹೇಳಿಕೊಟ್ಟದ್ದನ್ನು ಹಿಡಿಯುವುದು ಗ್ರಹಣ, ಹಿಡಿದದ್ದನ್ನು ಜಾರದಂತೆ ಉಳಿಸಿಕೊಳ್ಳುವುದು ಧಾರಣ, ಉಳಿಸಿಕೊಂಡದ್ದರ ಒಳತತ್ತ್ವವನ್ನು ತಿಳಿಯುವುದು ಜ್ಞಾನ, ತಿಳಿದುದನ್ನು ಕೇಳುವವರ ಮುಂದೆ ನಿಜವಾಗಿಸುವುದು ಪ್ರಯೋಗ. ಸಂಗೀತದ ವಿದ್ಯಾರ್ಥಿಯಲ್ಲಿ ಏನನ್ನು ನೋಡಬೇಕೆಂಬುದಕ್ಕೆ ಇದಕ್ಕಿಂತ ಚೊಕ್ಕವಾದ ನಿರೂಪಣೆ ಸಿಗುವುದು ಕಷ್ಟ. ಈ ನಾಲ್ಕರಲ್ಲಿ ಪ್ರಯೋಗವೊಂದೇ ಕೆಲವು ನಿಮಿಷಗಳಲ್ಲಿ ಕಾಣಸಿಗುವಂಥದು. ಗ್ರಹಣವನ್ನು ಕಾಣಲು ಏನನ್ನಾದರೂ ಕಲಿಸಬೇಕು, ಧಾರಣವನ್ನು ಕಾಣಲು ಕಲಿಸಿದ ಮೇಲೆ ಕೆಲವು ದಿನ ಕಾಯಬೇಕು, ಜ್ಞಾನವನ್ನು ಕಾಣಲು ಇನ್ನೂ ಹೆಚ್ಚು ಕಾಲ ಜೊತೆಗಿರಬೇಕು. ಹಾಗಾಗಿ ಸಿದ್ಧಪಡಿಸಿಕೊಂಡು ಬಂದ ಒಂದು ಕೃತಿಯನ್ನೋ ಖ್ಯಾಲನ್ನೋ ಹಾಡಿಸಿ ಕಳಿಸುವ ಪರೀಕ್ಷೆಯು ವಿದ್ಯಾರ್ಥಿಗಿಂತ ಹೆಚ್ಚಾಗಿ ಅವನ ಹಿಂದಿನ ಗುರುವನ್ನು ಪರೀಕ್ಷಿಸುತ್ತದೆ, ಒಳ್ಳೆಯ ಗುರುವಿನ ಹತ್ತಿರ ಹೋಗುವ ಅನುಕೂಲವಿದ್ದವನಿಗೆ ಒಲಿಯುತ್ತದೆ.

ಕಲಿಕೆಗೆ ಮೊದಲು ಏನಿರಬೇಕೆಂಬ ಪ್ರಶ್ನೆ ವೇದಾಂತದಲ್ಲಿ ‘ಅಥ’ ಎಂಬ ಒಂದೇ ಪದದ ಸುತ್ತ ಬೆಳೆದಿದೆ. ಬ್ರಹ್ಮಸೂತ್ರವು ಅಥ, ಅಂದರೆ ಅನಂತರ, ಬ್ರಹ್ಮವನ್ನು ತಿಳಿಯುವ ವಿಚಾರ ಎಂದು ಆರಂಭವಾಗುತ್ತದೆ. ಯಾವುದರ ನಂತರ ಎಂಬುದು ವ್ಯಾಖ್ಯಾನಕಾರರ ಪ್ರಶ್ನೆ. ವೇದಾಧ್ಯಯನ ಮುಗಿಸಿ ಕರ್ಮಭಾಗದ ವಿಚಾರವನ್ನು ಪೂರೈಸಿದ ನಂತರ ಎಂಬುದು ರಾಮಾನುಜರ ಉತ್ತರ. ಕರ್ಮವಿಚಾರ ಮುಗಿಸಿರಬೇಕೆಂಬ ನಿಯಮವಿಲ್ಲ, ನಿತ್ಯ ಯಾವುದು ಅನಿತ್ಯ ಯಾವುದೆಂಬ ವಿವೇಕ, ಫಲಭೋಗಗಳಲ್ಲಿ ವಿರಕ್ತಿ, ಶಮ ದಮ ಮೊದಲಾದ ಸಂಯಮಗಳು, ಬಿಡುಗಡೆಯ ತೀವ್ರ ಬಯಕೆ ಇವು ಇದ್ದರೆ ಸಾಕು ಎಂಬುದು ಶಂಕರರ ಉತ್ತರ. ಒಬ್ಬರು ಹಿಂದಿನ ಪಾಠಕ್ರಮವನ್ನು ಕೇಳುತ್ತಾರೆ, ಇನ್ನೊಬ್ಬರು ಒಳಗಿನ ಸಿದ್ಧತೆಯನ್ನು ಕೇಳುತ್ತಾರೆ. ಸಂಗೀತಕ್ಕೆ ಇದನ್ನು ಅನ್ವಯಿಸಿದರೆ ರಾಮಾನುಜರ ಪಕ್ಷಕ್ಕೆ ಒಂದು ಬಲವಾದ ಸಮರ್ಥನೆ ಸಿಗುತ್ತದೆ, ಏಕೆಂದರೆ ಸ್ವರಸ್ಥಾನಗಳೂ ತಾಳವೂ ಕಿವಿಯಲ್ಲಿ ಕೂರದವನಿಗೆ ರಾಗದ ವಿಚಾರವನ್ನು ಬೋಧಿಸುವುದು ವ್ಯರ್ಥ, ಇಲ್ಲಿ ಮೆಟ್ಟಿಲುಗಳನ್ನು ಹಾರಿ ಹೋಗಲಾಗದು. ಆದರೆ ಹಿಂದಿನ ಅಭ್ಯಾಸ ಆಗಿರಬೇಕೆಂಬುದು ಒಂದು ಮಾತು, ಅದು ಇಂಥದೇ ಮಂಡಳಿಯ ಪರೀಕ್ಷೆಯ ಮೂಲಕ ಆಗಿರಬೇಕೆಂಬುದು ಇನ್ನೊಂದು ಮಾತು. ಸ್ವರಜ್ಞಾನವನ್ನು ಹಾಡಿಸಿಯೇ ತಿಳಿಯಬಹುದಾಗಿರುವಾಗ ಪಿಯುಸಿಯ ಅಂಕಪಟ್ಟಿ ಅದರ ಬಗ್ಗೆ ಹೇಳಬಲ್ಲದ್ದು ಏನೂ ಇಲ್ಲ.

ಶಂಕರರ ಪಕ್ಷಕ್ಕೂ ಸಂಗೀತಶಾಸ್ತ್ರದಲ್ಲಿ ಆಧಾರವಿದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ವಾಗ್ಗೇಯಕಾರನ, ಅಂದರೆ ಮಾತನ್ನೂ ಅದರ ಸ್ವರರೂಪವಾದ ಧಾತುವನ್ನೂ ತಾನೇ ರಚಿಸುವವನ, ಲಕ್ಷಣಗಳನ್ನು ಹೇಳುವಾಗ ವ್ಯಾಕರಣ, ಛಂದಸ್ಸು, ಅಲಂಕಾರ, ತಾಳ, ಲಯಗಳ ತಿಳಿವಳಿಕೆಯ ಜೊತೆಯಲ್ಲೇ ರೋಷದ್ವೇಷಗಳನ್ನು ತೊರೆದಿರುವುದು, ಹೃದಯ ಆರ್ದ್ರವಾಗಿರುವುದು, ಉಚಿತವನ್ನು ಅರಿತಿರುವುದು ಎಂಬ ಗುಣಗಳನ್ನೂ ಸೇರಿಸುತ್ತಾನೆ. ಛಂದಸ್ಸಿನ ಜ್ಞಾನವೂ ಮನಸ್ಸಿನ ಮೃದುತ್ವವೂ ಒಂದೇ ಸಾಲಿನಲ್ಲಿ ನಿಂತಿರುವುದು ಆಕಸ್ಮಿಕವಲ್ಲ. ಯಾಜ್ಞವಲ್ಕ್ಯ ಸ್ಮೃತಿಯು ವೀಣಾವಾದನದ ತತ್ತ್ವವನ್ನೂ ಶ್ರುತಿಜಾತಿಗಳನ್ನೂ ತಾಳವನ್ನೂ ಬಲ್ಲವನಿಗೆ ಮೋಕ್ಷಮಾರ್ಗ ಸುಲಭವೆಂದು ಹೇಳಿರುವ ಪರಂಪರೆಯಲ್ಲಿ, ನಾದವನ್ನು ಉಪಾಸನೆಯೆಂದು ಕಂಡವರಿಗೆ, ಕಲಿಯುವವನ ಚಿತ್ತಶುದ್ಧಿಯು ವಿದ್ಯೆಯ ಹೊರಗಿನ ಸಂಗತಿಯಾಗಿರಲಿಲ್ಲ.

ಸಂಗೀತರತ್ನಾಕರದಲ್ಲೇ ಶಾರೀರದ ಮಾತೂ ಬರುತ್ತದೆ. ಅಭ್ಯಾಸವಿಲ್ಲದೆಯೂ ರಾಗವನ್ನು ತೋರಿಸಬಲ್ಲ ಧ್ವನಿಯ ಶಕ್ತಿಯನ್ನು, ಅದು ಶರೀರದೊಡನೆಯೇ ಹುಟ್ಟುವುದರಿಂದ, ಶಾರೀರವೆಂದು ಕರೆದು, ಒಳ್ಳೆಯ ಶಾರೀರವು ವಿದ್ಯಾದಾನ, ತಪಸ್ಸು, ಶಿವಭಕ್ತಿ, ದೊಡ್ಡ ಭಾಗ್ಯ ಇವುಗಳಿಂದ ದೊರೆಯುತ್ತದೆಂದು ಶಾರ್ಙ್ಗದೇವನು ಹೇಳುತ್ತಾನೆ. ಹುಟ್ಟಿನಿಂದ ಬಂದ ಪ್ರತಿಭೆಯನ್ನು ಪುಣ್ಯದ ಫಲವೆಂದು ಬಗೆಯುವ ಈ ರೀತಿಯು ಶಂಕರಭಾಷ್ಯದಲ್ಲೂ ಇನ್ನೊಂದು ಸಂದರ್ಭದಲ್ಲಿ ಕಾಣುತ್ತದೆ. ಶೂದ್ರರಿಗೆ ವೇದಪೂರ್ವಕವಾದ ಬ್ರಹ್ಮವಿದ್ಯೆಯಲ್ಲಿ ಅಧಿಕಾರವಿಲ್ಲವೆಂದು ಸಾಧಿಸಿದ ಮೇಲೆ ವಿದುರ, ಧರ್ಮವ್ಯಾಧರ ಜ್ಞಾನವನ್ನು ಅಲ್ಲಗಳೆಯಲಾಗದೆ ಅದು ಪೂರ್ವಜನ್ಮದ ಸಂಸ್ಕಾರದಿಂದ ಬಂದದ್ದೆಂದು ಅಲ್ಲಿ ಒಪ್ಪಲಾಗಿದೆ. ಈ ಸಮಾಧಾನವನ್ನು ನಿಧಾನವಾಗಿ ಪರಿಶೀಲಿಸಬೇಕು. ಅದು ವಿದುರನನ್ನು ಗೌರವಿಸುತ್ತದೆ, ಆದರೆ ವಿದುರನಂತೆ ಹುಟ್ಟಿ ಇನ್ನೂ ಜ್ಞಾನಿಯಾಗದ, ಆಗಬಯಸುವ ಇನ್ನೊಬ್ಬನಿಗೆ ಏನನ್ನೂ ಕೊಡುವುದಿಲ್ಲ. ಅಪವಾದವನ್ನು ದೈವಕೃಪೆಯ ಲೆಕ್ಕಕ್ಕೆ ಹಾಕಿದಾಗ ನಿಯಮವು ತನ್ನನ್ನು ತಿದ್ದಿಕೊಳ್ಳುವ ಹೊಣೆಯಿಂದ ಪಾರಾಗುತ್ತದೆ.

ಇದು ಹಳೆಯ ಭಾಷ್ಯಗಳಿಗೆ ಸೀಮಿತವಾದ ದೋಷವಲ್ಲ. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವು ಗಂಗೂಬಾಯಿ ಹಾನಗಲ್ಲರ ಹೆಸರನ್ನು ಹೊತ್ತಿದೆ, ಮತ್ತು ಆ ಗೌರವ ಸರ್ವಥಾ ಉಚಿತವಾದದ್ದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಶಾಲಾ ಶಿಕ್ಷಣ ಪ್ರಾಥಮಿಕ ಹಂತದಲ್ಲೇ ನಿಂತಿತು. ಜಾತಿಯ ಕಾರಣಕ್ಕೂ ಹೆಣ್ಣೆಂಬ ಕಾರಣಕ್ಕೂ ಅವಮಾನಗಳನ್ನು ಎದುರಿಸಿದ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಹೆಂಗಸರಿಂದ ಜನ ನಿರೀಕ್ಷಿಸುವ ಇಂಪನ್ನು ಬಿಟ್ಟು ಗಂಭೀರವಾಯಿತು; ಆ ದನಿಯಲ್ಲೇ ಅವರು ಕಿರಾನಾ ಘರಾನೆಯ ಆಲಾಪವನ್ನು ಎತ್ತರಕ್ಕೊಯ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕಿಯಾಗಿಯೂ ಕೆಲಸ ಮಾಡಿದರು, 2002ರಲ್ಲಿ ಪದ್ಮವಿಭೂಷಣ ಪಡೆದರು. ಪಿಯುಸಿಯನ್ನು ಕಡ್ಡಾಯಗೊಳಿಸುವ ಪ್ರವೇಶ ನಿಯಮದ ಮುಂದೆ ಹದಿನೆಂಟರ ಗಂಗೂಬಾಯಿ ಬಂದು ನಿಂತಿದ್ದರೆ ಅವರಿಗೆ ಒಳಗೆ ಜಾಗವಿರುತ್ತಿರಲಿಲ್ಲ. ಅಂಥವರು ಅಪೂರ್ವ ಪ್ರತಿಭೆಗಳು, ಅವರಿಗೆ ನಿಯಮ ಅನ್ವಯಿಸದು ಎಂಬ ಉತ್ತರವು ವಿದುರನ ಬಗೆಗಿನ ಉತ್ತರದ ಮರುಕಳಿಕೆ. ಯುಜಿಸಿಯ 2018ರ ನಿಯಮಾವಳಿಯು ಸಂಗೀತ ಬೋಧಕರ ನೇಮಕದಲ್ಲಿ, ಪರಂಪರೆಯ ಗುರುಗಳಲ್ಲಿ ಕಲಿತು ಆಕಾಶವಾಣಿಯ ‘ಎ’ ಶ್ರೇಣಿ ಪಡೆದ ಕಲಾವಿದರಿಗೆ ಬೇರೊಂದು ದಾರಿ ತೆರೆದಿರುವುದು ಒಳ್ಳೆಯ ಹೆಜ್ಜೆಯಾದರೂ ಅಲ್ಲಿಯೂ ಪದವಿಯೊಂದು ಬೇಕೇ ಬೇಕು.

ಹಾಗೆಂದು ಪ್ರಮಾಣಪತ್ರವನ್ನು ಹಗುರವಾಗಿ ಕಾಣುವುದು ತಪ್ಪಾಗುತ್ತದೆ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದಾಗ, ಭಾತಖಂಡೆಯವರ ಶ್ರಮದಿಂದ 1926ರಲ್ಲಿ ಲಖನೌದಲ್ಲಿ ಸಂಗೀತ ಕಾಲೇಜು ಆರಂಭವಾದಾಗ, ತರಗತಿ, ಪಠ್ಯ, ಪರೀಕ್ಷೆ ಎಂಬ ಕ್ರಮವು ಬೀಗ ಬಿದ್ದಿದ್ದ ಬಾಗಿಲುಗಳನ್ನು ತೆರೆಯಿತು. ಅದಕ್ಕೆ ಮೊದಲು ಶಿಷ್ಯನ ಒಳಗಿನ ಸಿದ್ಧತೆಯನ್ನು ಅಳೆಯುತ್ತಿದ್ದವನು ಗುರು ಒಬ್ಬನೇ, ಮತ್ತು ಆ ಅಳತೆಯಲ್ಲಿ ವಿವೇಕದ ಜೊತೆಗೆ ಮನೆತನ, ಜಾತಿ, ಗಂಡುಹೆಣ್ಣಿನ ಭೇದ, ಕುರುಡು ವಿಧೇಯತೆಯ ನಿರೀಕ್ಷೆ ಇವೂ ಬೆರೆತಿರುತ್ತಿದ್ದವು. ಗುರುವಿನ ನಿರಾಕರಣೆಗೆ ಮೇಲ್ಮನವಿ ಇರಲಿಲ್ಲ. ಬರೆದಿಟ್ಟ ನಿಯಮವು ಅಭ್ಯರ್ಥಿಯ ಕುಲವನ್ನು ಕೇಳುವುದಿಲ್ಲ, ಎಲ್ಲರ ಮುಂದಿರುವುದರಿಂದ ಅದನ್ನು ಪ್ರಶ್ನಿಸಬಹುದು, ತಿದ್ದಬಹುದು. ಅಂತರಂಗದ ಸಿದ್ಧತೆಯೊಂದೇ ಸಾಕೆಂಬ ಶಂಕರರ ಮಾತು ದರ್ಶನದಲ್ಲಿ ಎಷ್ಟು ಉದಾರವೋ ಸಂಸ್ಥೆಯೊಂದರ ಕೈಯಲ್ಲಿ ಅಷ್ಟೇ ಅಪಾಯಕಾರಿಯಾಗಬಲ್ಲದು, ಏಕೆಂದರೆ ಅಂತರಂಗವನ್ನು ತಾನು ಕಂಡೆನೆಂದು ಹೇಳುವ ಪರೀಕ್ಷಕನಿಗೆ ಯಾರೂ ಎದುರಾಡಲಾರರು.

ಇನ್ನು ಸಾಮರ್ಥ್ಯದ ಷರತ್ತಿಗೆ ಬಂದರೆ, ಅಂಗವೈಕಲ್ಯವುಳ್ಳವರ ಅಧಿಕಾರವನ್ನು ಮೀಮಾಂಸೆಯು ಅನುಮಾನದಿಂದಲೇ ಚರ್ಚಿಸಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮವು ಆ ಅನುಮಾನಕ್ಕೆ ವಾದದಿಂದಲ್ಲದೆ ಬದುಕಿನಿಂದ ಉತ್ತರ ಕೊಟ್ಟಿತು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳೂ ಅಂಧರನ್ನು, ಬಡ ಮಕ್ಕಳನ್ನು ಅನ್ನವಿಟ್ಟು ಸಾಕಿ ಹಾಡಲು, ನುಡಿಸಲು ಕಲಿಸಿದರು. ಬಸವರಾಜ ರಾಜಗುರುಗಳಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅಲ್ಲಿ ಊಟ, ವಸತಿ, ದಿನವಿಡೀ ಕಿವಿಗೆ ಬೀಳುವ ನಾದ ಇವು ಮೊದಲು ಸಿಕ್ಕವು, ಯೋಗ್ಯತೆ ಅವುಗಳ ನಡುವೆ ಬೆಳೆಯಿತು. ಸಾಮರ್ಥ್ಯವು ಕಲಿಕೆಗೆ ಮುಂಚೆಯೇ ಪೂರ್ಣವಾಗಿ ಇರುವ ವಸ್ತುವಲ್ಲ, ಬಹುಪಾಲು ಕಲಿಕೆಯೊಳಗೇ ಪ್ರಕಟವಾಗುವಂಥದು ಎಂಬ ಸತ್ಯಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ.

ಇದನ್ನು ಒಪ್ಪಿದರೆ ಪ್ರವೇಶದ ಕ್ರಮವೇ ಬದಲಾಗಬೇಕಾಗುತ್ತದೆ. ಶಾಲಾ ಪ್ರಮಾಣಪತ್ರವಿದ್ದವರಿಗೆ ಇಂದಿನ ದಾರಿ ಇರಲಿ. ಇಲ್ಲದವರಿಗೆ, ಸ್ವರ ತಾಳಗಳ ಮೂಲಜ್ಞಾನವನ್ನು ಹಾಡಿಯೋ ನುಡಿಸಿಯೋ ತೋರಿಸಿದರೆ, ಒಂದು ಪೂರ್ವಸಿದ್ಧತೆಯ ಅವಧಿ ತೆರೆದಿರಲಿ. ಆ ಅವಧಿಯಲ್ಲಿ ಎಲ್ಲರಿಗೂ ಒಂದೇ ರಾಗವನ್ನು ಒಬ್ಬರಿಗಿಂತ ಹೆಚ್ಚು ಅಧ್ಯಾಪಕರು ಕಲಿಸಲಿ, ಮೊದಲ ವಾರ ತಪ್ಪಿದ ಸ್ವರಸ್ಥಾನವನ್ನು ಅಭ್ಯರ್ಥಿ ಕೆಲವು ವಾರಗಳ ನಂತರ ತಾನೇ ಕೇಳಿಸಿಕೊಂಡು ತಿದ್ದಿಕೊಳ್ಳುತ್ತಾನೆಯೇ ಎಂಬುದನ್ನು ಅವರು ಬೇರೆ ಬೇರೆಯಾಗಿ ದಾಖಲಿಸಲಿ. ಇದರಿಂದ ಗ್ರಹಣ ಧಾರಣಗಳು ತೋರುತ್ತವೆ, ಬಯಕೆಯೂ ಮಾತಿನಲ್ಲಲ್ಲದೆ ಹಾಜರಿಯಲ್ಲಿ ಕಾಣುತ್ತದೆ, ಒಬ್ಬನ ಮೆಚ್ಚುಗೆಯೇ ತೀರ್ಪಾಗುವ ಭಯವೂ ಕಡಿಮೆಯಾಗುತ್ತದೆ. ಇದಕ್ಕೆ ಅಧ್ಯಾಪಕರ ಸಮಯ ಬೇಕು, ಹಣ ಬೇಕು. ಸಂಗೀತವನ್ನು ವಿಶ್ವವಿದ್ಯಾಲಯಕ್ಕೆ ತಂದವರು ಆ ವೆಚ್ಚವನ್ನೂ ಒಪ್ಪಿಕೊಂಡಂತೆಯೇ.

ಶಾರ್ಙ್ಗದೇವನು ಗಾಯಕರಲ್ಲಿ ಐದು ಬಗೆಯನ್ನು ಹೇಳುತ್ತಾನೆ: ಚೆನ್ನಾಗಿ ಕಲಿಸಬಲ್ಲ ಶಿಕ್ಷಾಕಾರ, ಇನ್ನೊಬ್ಬರ ಭಂಗಿಯನ್ನು ಅನುಸರಿಸುವ ಅನುಕಾರ, ತಾನೇ ರಸದಲ್ಲಿ ಮುಳುಗುವ ರಸಿಕ, ಕೇಳುವವರನ್ನು ರಂಜಿಸುವ ರಂಜಕ, ಗೀತಕ್ಕೆ ಭಾವದ ಅತಿಶಯವನ್ನು ತರುವ ಭಾವಕ. ಪ್ರವೇಶದ ದಿನ ಬರುವವರಲ್ಲಿ ಹೆಚ್ಚಿನವರು ಅನುಕಾರರೇ ಆಗಿರುತ್ತಾರೆ, ಆಗಿರಬೇಕು, ಏಕೆಂದರೆ ಅನುಕರಣೆಯಿಲ್ಲದೆ ಈ ವಿದ್ಯೆ ಆರಂಭವಾಗುವುದಿಲ್ಲ. ಪದವಿ ಪಡೆದು ಹೊರಡುವಾಗ ಅವರು ಶಿಕ್ಷಾಕಾರರಾಗಿರಬೇಕೆಂದು ವಿಶ್ವವಿದ್ಯಾಲಯ ನ್ಯಾಯವಾಗಿ ಅಪೇಕ್ಷಿಸಬಹುದು, ಅದಕ್ಕೆ ಬೇಕಾದ ಲಕ್ಷಣ, ಇತಿಹಾಸ, ಬರವಣಿಗೆಗಳನ್ನು ಕಡ್ಡಾಯವಾಗಿ ಕಲಿಸಬಹುದು. ರಸಿಕತ್ವವನ್ನೂ ಭಾವಕತ್ವವನ್ನೂ ಮಾತ್ರ ಅದು ಬಾಗಿಲಲ್ಲೂ ಕೇಳಬಾರದು, ಅಂಕಪಟ್ಟಿಯಲ್ಲೂ ನಮೂದಿಸಬಾರದು. ಅವು ಬರುವುದಾದರೆ ಪಾಠದ ಹೊತ್ತು ಮುಗಿದ ಮೇಲೂ ತಂಬೂರಿಯ ಮುಂದೆ ಕೂತಿರಲು ಕೋಣೆಯೊಂದು ತೆರೆದಿರುವಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.