ಇಂದಿನ ಧಮ್ಮ ಚಿಂತನೆ: ಅಗಲಿದ ಕಲ್ಯಾಣಮಿತ್ರನನ್ನು ನೆನೆಯುವುದು ಹೇಗೆ?





ತಾರಿಹಾಳದ ನಮ್ಮ ಓಣಿಯ ಹಿರಿಯರೊಬ್ಬರು ಹೋದ ವಾರ ತೀರಿಕೊಂಡರು. ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ವಯಸ್ಸಿನಲ್ಲಿ ಹಿರಿಯರಾದರೂ ನನಗೆ ಅವರು ಗೆಳೆಯರೇ ಆಗಿದ್ದರು. ಭಾನುವಾರದ ವಂದನೆಯಲ್ಲಿ ಅವರಿಗಾಗಿ ಪುಣ್ಯಾನುಮೋದನೆ ಮಾಡೋಣ ಎಂದಾಗ ಬಳಗದ ತರುಣನೊಬ್ಬ ಕೇಳಿದ: “ಅಣ್ಣಾ, ಕಾಕಾ ಬೌದ್ಧರಲ್ಲ, ನಮ್ಮ ಮಂದೀನೂ ಅಲ್ಲ. ಅವರ ಮನ್ಯಾಗ ದಿನಾ ಪೂಜಿ ನಡೀತಿತ್ತು. ನಮ್ಮ ವಂದನಾದಾಗ ಅವರನ್ನ ಹೆಂಗ ನೆನೀಬೇಕ್ರಿ?”

ಪ್ರತಿಜ್ಞೆಗಳನ್ನು ಮನಸ್ಸಿಟ್ಟು ಪಾಲಿಸುವ ಹುಡುಗ ಕೇಳಿದ ಪ್ರಶ್ನೆ ಇದು. ಹಾಗಾಗಿ ಇಂದಿನ ಚಿಂತನೆ ಅದರ ಮೇಲೆಯೇ.

ಮೊದಲು ಕಾಕಾ ಯಾರು ಎಂದು ಹೇಳಬೇಕು. ನಳದ ನೀರಿಗೆ ದಿನಗಟ್ಟಲೆ ಕಾಯುವುದು ಹುಬ್ಬಳ್ಳಿ-ಧಾರವಾಡದವರಿಗೆ ಹೊಸದಲ್ಲ. ಅದೂ ಎಷ್ಟೋ ಸಲ ನಡುರಾತ್ರಿ ಬರುತ್ತದೆ. ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರ ಮನೆಯಲ್ಲಿ ಆ ಹೊತ್ತಿಗೆ ನೀರು ಹಿಡಿಯುವವರೇ ಇರುವುದಿಲ್ಲ. ಕಾಕಾ ಎದ್ದು ಒಂದೊಂದೇ ಬಾಗಿಲು ಬಡಿಯುತ್ತಿದ್ದರು: “ನೀರು ಬಂದಾವು, ಏಳ್ರಿ!” ಯಾರೂ ಇಲ್ಲದ ಮನೆಯ ಬ್ಯಾರಲ್ ತುಂಬಿಸಿದ ಮೇಲೆಯೇ ತಮ್ಮ ಮನೆಯದು. ನನ್ನ ತಾಯಿ ಹಾಸಿಗೆ ಹಿಡಿದಾಗ ಕೊಡ ಹೊತ್ತು ತಂದು ನಮ್ಮ ಅಡುಗೆಮನೆಯಲ್ಲಿ ಇಟ್ಟರು. ನಮ್ಮ ತಂಬಿಗೆಯಲ್ಲೇ ನೀರು ಕುಡಿದು ಹೋದರು.

ಹೊರಗಿನವರಿಗೆ ಇದು ಸಣ್ಣ ಮಾತು. ನಮಗೆ ಅಲ್ಲ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋದದ್ದು ಏಕೆಂದು ನಮಗೆ ಗೊತ್ತು. ಬಾವಿಯಿಂದ ದೂರ ನಿಂತು, ಯಾರಾದರೂ ಮೇಲಿನಿಂದ ಸುರಿಯಲಿ ಎಂದು ಖಾಲಿ ಕೊಡ ಹಿಡಿದು ಕಾದವರ ಮೊಮ್ಮಕ್ಕಳು ನಾವು.

ಇದನ್ನು ನಾನು ಉಪಕಾರದ ಲೆಕ್ಕದಲ್ಲಿ ಹೇಳುತ್ತಿಲ್ಲ. ನೀರು ನಮ್ಮ ಹಕ್ಕು. ಹಕ್ಕಿಗಾಗಿ ಯಾರಿಗೂ ಕೈಮುಗಿಯಬೇಕಿಲ್ಲ. ಆದರೆ ಕಾನೂನು ಹಕ್ಕನ್ನು ಕೊಡಬಲ್ಲದು, ಮೈತ್ರಿಯನ್ನು ಕೊಡಲಾರದು. ಅದು ಮನುಷ್ಯನೊಳಗಿಂದಲೇ ಬರಬೇಕು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಈ ಮೂರನ್ನೂ ತಾವು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧರ ಬೋಧನೆಯಿಂದ ಎಂದು ಬಾಬಾಸಾಹೇಬರು 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದ್ದರು. ಆ ಮೂರನೆಯದು ನಮ್ಮ ಓಣಿಯಲ್ಲಿ ಹೇಗಿರುತ್ತದೆ ಎಂದು ಕಾಕಾ ಅವರನ್ನು ನೋಡಿ ನಾನು ತಿಳಿದೆ.

ಇನ್ನು ತರುಣನ ಪ್ರಶ್ನೆ. ದೀಘ ನಿಕಾಯದ ಸಿಗಾಲೋವಾದ ಸುತ್ತದಲ್ಲಿ ಬುದ್ಧರು ನಿಜವಾದ ಗೆಳೆಯರು ನಾಲ್ಕು ಬಗೆ ಎನ್ನುತ್ತಾರೆ: ನೆರವಾಗುವವನು, ಸುಖ-ದುಃಖದಲ್ಲಿ ಒಂದೇ ರೀತಿ ಇರುವವನು, ಒಳ್ಳೆಯ ದಾರಿ ಹೇಳುವವನು, ಕರುಣೆಯುಳ್ಳವನು. ಈ ನಾಲ್ಕರಲ್ಲಿ ಎಲ್ಲಿಯೂ ಅವನ ಕುಲ ಯಾವುದು, ಅವನು ಯಾರನ್ನು ಪೂಜಿಸುತ್ತಾನೆ ಎಂಬ ಪರೀಕ್ಷೆ ಇಲ್ಲ. ನಮ್ಮ ಬೆನ್ನ ಹಿಂದೆ ಕೆಟ್ಟದ್ದು ಆಡುವವರನ್ನು ತಡೆಯುವುದು ಕರುಣೆಯುಳ್ಳ ಗೆಳೆಯನ ಲಕ್ಷಣಗಳಲ್ಲಿ ಒಂದು. ನಾವು ಮನೆಯ ದೇವರ ಫೋಟೋ ಇಳಿಸಿ ಬುದ್ಧ-ಬಾಬಾಸಾಹೇಬರ ಫೋಟೋ ಹಾಕಿದಾಗ ಚಹಾದ ಅಂಗಡಿಯಲ್ಲಿ ಒಬ್ಬ ಏನೋ ಅಂದನಂತೆ. ಅಲ್ಲಿದ್ದ ಕಾಕಾ, “ಅವರ ಮನಿ, ಅವರ ಗ್ವಾಡಿ. ನಿನಗೇನಾತು?” ಎಂದು ಬಾಯಿ ಮುಚ್ಚಿಸಿದರಂತೆ. ಈ ಸುತ್ತವನ್ನು ಅವರು ಓದಿದವರಲ್ಲ. ಅದರಂತೆ ನಡೆದವರು.

ಬಾಬಾಸಾಹೇಬರ ಜೀವನದಲ್ಲೂ ಇಂಥ ಗೆಳೆಯ ಸಿಗುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ದಿನಗಳಿಂದ ಜೊತೆಯಾದ ನವಲ್ ಭಾತೇನಾ ಪಾರ್ಸಿಯವರು. 1920ರಲ್ಲಿ ಅರ್ಧಕ್ಕೆ ನಿಂತಿದ್ದ ಓದನ್ನು ಮುಗಿಸಲು ಬಾಬಾಸಾಹೇಬರು ಮತ್ತೆ ಲಂಡನ್ನಿಗೆ ಹೊರಟಾಗ, ಅವರ ಉಳಿತಾಯ ಮತ್ತು ಕೊಲ್ಹಾಪುರದ ಶಾಹು ಮಹಾರಾಜರ ನೆರವಿನ ಜೊತೆಗೆ ಭಾತೇನಾ 5,000 ರೂಪಾಯಿ ಸಾಲ ಕೊಟ್ಟರು. ಆ ಓದು ನಮ್ಮೆಲ್ಲರ ಬದುಕಿಗೆ ಏನು ತಂದಿತೆಂದು ಹೇಳಬೇಕಾಗಿಲ್ಲ. ಕಲ್ಯಾಣಮಿತ್ರತೆ ಧಮ್ಮಜೀವನದ ಅರ್ಧ ಎಂದು ಆನಂದರು ಹೇಳಿದಾಗ ಬುದ್ಧರು ತಿದ್ದಿದರು: ಅರ್ಧವಲ್ಲ, ಅದೇ ಪೂರ್ತಿ.

ಹಾಗಾದರೆ ನೆನೆಯುವುದು ಹೇಗೆ? ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದು 22 ಪ್ರತಿಜ್ಞೆಗಳಲ್ಲಿ ಒಂದು. ಎಲ್ಲ ಜೀವಿಗಳಿಗೂ ದಯೆ ತೋರುತ್ತೇನೆ ಎಂಬುದೂ ಒಂದು. ಎರಡನ್ನೂ ಒಟ್ಟಿಗೆ ಪಾಲಿಸಬಹುದು. ನಾವು ಕಾಕಾ ಅವರ ಚಟ್ಟಕ್ಕೆ ಹೆಗಲು ಕೊಟ್ಟೆವು. ಅವರ ಮನೆಯವರು ಅವರ ಪದ್ಧತಿಯಂತೆ ಮಾಡಿದರು. ಅದು ಅವರ ಹಕ್ಕು, ನಾವು ಗೌರವದಿಂದ ನಿಂತೆವು. ದುಃಖದ ಮನೆಗೆ ಹೋಗಿ ಕಾಕು ಪಕ್ಕದಲ್ಲಿ ಕೂರುವುದು ಬೇರೆ, ಕರ್ಮಕಾಂಡ ಮಾಡುವುದು ಬೇರೆ. ಇದರಲ್ಲಿ ಗೊಂದಲ ಬೇಡ.

ಸಂಯುತ್ತ ನಿಕಾಯದಲ್ಲಿ ಒಂದು ಪ್ರಸಂಗ ಇದೆ. ಸಾರಿಪುತ್ತರು ಮಗಧದ ನಾಲಕ ಗ್ರಾಮದಲ್ಲಿ ಪರಿನಿಬ್ಬಾಣ ಹೊಂದಿದರು. ಚುಂದ ಎಂಬ ಸಾಮಣೇರ ಅವರ ಪಾತ್ರೆ, ಚೀವರ ಹಿಡಿದುಕೊಂಡು ಸಾವತ್ಥಿಗೆ ಬಂದರು. ಸುದ್ದಿ ಕೇಳಿ ಆನಂದರಿಗೆ ದಿಕ್ಕೇ ತೋಚದಂತಾಯಿತು. ಆಗ ಬುದ್ಧರು ಕೇಳಿದರು: ಸಾರಿಪುತ್ತರು ಹೋಗುವಾಗ ನಿನ್ನ ಶೀಲವನ್ನು ತೆಗೆದುಕೊಂಡು ಹೋದರೇ? ಸಮಾಧಿಯನ್ನು? ಪ್ರಜ್ಞೆಯನ್ನು? ಇಲ್ಲ ಎಂದರು ಆನಂದರು. ಆದರೆ ಅವರು ನನಗೆ ತಿಳಿಹೇಳುವವರಾಗಿದ್ದರು, ನೆರವಾಗುವವರಾಗಿದ್ದರು ಎಂದರು. ಪ್ರಿಯರಾದವರಿಂದ ಅಗಲಲೇಬೇಕು, ಹುಟ್ಟಿದ್ದು ಉಳಿಯಲಿ ಎಂದರೆ ಸಾಧ್ಯವಿಲ್ಲ ಎಂದು ನೆನಪಿಸಿ, ಬುದ್ಧರು ಕೊನೆಗೆ ಹೇಳಿದ್ದು ಇಷ್ಟು: ನಿನಗೆ ನೀನೇ ಆಸರೆಯಾಗು, ಧಮ್ಮವನ್ನೇ ಆಸರೆ ಮಾಡಿಕೋ.

ಆನಂದರಂಥವರಿಗೇ ದುಃಖವಾಯಿತು. ನಮಗೆ ಕಣ್ಣೀರು ಬಂದರೆ ತಪ್ಪಲ್ಲ. ಆದರೆ ಬುದ್ಧರ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕು. ಕಾಕಾ ಹೋಗುವಾಗ ಬಾಗಿಲು ಬಡಿಯುವ ಕೆಲಸವನ್ನು ಜೊತೆಗೆ ಒಯ್ದರೇ? ಇಲ್ಲ. ಅದು ಇಲ್ಲೇ ಉಳಿದಿದೆ, ಮಾಡುವ ಕೈ ಬೇಕು ಅಷ್ಟೇ. ನಮ್ಮ ಬಳಗದ ನಾಲ್ವರು ಈಗ ಪಾಳಿ ಹಾಕಿಕೊಂಡಿದ್ದೇವೆ. ಸತ್ತವರಿಗೆ ಅನ್ನ ಇಡುವ ಬದಲು, ಅವರು ಬದುಕಿದ್ದಾಗ ಮಾಡಿದ ಒಳ್ಳೆಯದನ್ನು ಬದುಕಿರುವವರಿಗೆ ಮುಂದುವರಿಸುವುದು. ನಮ್ಮ ಪುಣ್ಯಾನುಮೋದನೆ ಎಂದರೆ ಇದೇ.

ಇಂದಿನ ಅಭ್ಯಾಸ: ಸಂಜೆ ತ್ರಿಶರಣ-ಪಂಚಶೀಲದ ನಂತರ ಐದು ನಿಮಿಷ ಸುಮ್ಮನೆ ಕುಳಿತು, ನಿಮಗೆ ಒಳಿತು ಮಾಡಿ ಅಗಲಿದ ಒಬ್ಬರನ್ನು ನೆನೆಯಿರಿ. ಅವರು ಯಾವ ಧರ್ಮದವರೇ ಇರಲಿ. ಅವರು ಮಾಡುತ್ತಿದ್ದ ಒಂದು ಒಳ್ಳೆಯ ಕೆಲಸವನ್ನು ಆರಿಸಿಕೊಳ್ಳಿ. ನಾಳೆಯಿಂದ ಅದು ನಿಮ್ಮ ಕೆಲಸ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ಜೈ ಭೀಮ್. ನಮೋ ಬುದ್ಧಾಯ.